ಕುಕ್ಕಪ್ಪ ಒರಗಿಸಿಟ್ಟ ಕೊಡಲಿ

ತೀರ್ಥರಾಮ ಕೊಟ್ಟಿಗೆಯ ಗೋಡೆಯನ್ನು ಮತ್ತೊಮ್ಮೆ ತಡವಿದ. ಗೂಟದಲ್ಲಿ ಹಗ್ಗ ಇತ್ತು, ಗರಗಸ ಇತ್ತು. ಕೊಡಲಿ ಇರಲಿಲ್ಲ.

“ದೊಡ್ಡಮ್ಮಾ, ದೊಡ್ಡಪ್ಪನ ಕೊಡಲಿ ಎಲ್ಲಿ? ಚಿತೆಗೆ ಮಾವಿನ ಮರ ಕಡಿಯಲಿಕ್ಕೆ ಉಂಟಲ್ಲ.”

ಜಗಲಿಯಲ್ಲಿ ಗಂಡನ ಹೆಣದ ತಲೆಯ ಬಳಿ ಕೂತಿದ್ದ ನೀಲಾವತಿ ಕತ್ತೆತ್ತಿದಳು. ಆ ಬೆಳಗ್ಗೆ ಮೊದಲ ಸಲ ಅವಳಿಗೆ ಸಾವಲ್ಲದ ಬೇರೊಂದು ಸಂಗತಿ ನೆನಪಾಯಿತು.

“ಕಾಡಲ್ಲಿ ಉಂಟು. ನಿನ್ನೆ ಸಾಯಂಕಾಲ ಒರಗಿಸಿ ಬಂದದ್ದು.”

ಅಂಗಳದಲ್ಲಿದ್ದವರೆಲ್ಲ ಕಾಡಿನ ಕಡೆ ತಿರುಗಿದರು.

ಕುಕ್ಕಪ್ಪ ಮರ ಕಡಿಯುವ ತಂಡದ ಹಿರಿಯ. ದೊಡ್ಡ ಮರಕ್ಕೆ ಕೈ ಹಾಕುವ ಮುನ್ನಾದಿನ ಅದರ ಬುಡಕ್ಕೆ ಕೊಡಲಿ ಒರಗಿಸಿ ಬರುವುದು ಅವನ ಅಪ್ಪನಿಂದ ಬಂದ ಕ್ರಮ. ಬೆಳಗ್ಗೆ ಕೊಡಲಿ ನಿಂತೇ ಇದ್ದರೆ ಮರ ಒಪ್ಪಿತು. ಬಿದ್ದಿದ್ದರೆ ಮರ ಬೇಡ ಅಂತು. ಆಮೇಲೆ ತಂಡದ ಒಬ್ಬನೂ ಅದನ್ನು ಮುಟ್ಟುವುದಿಲ್ಲ. ಕಾಂಡದ ಮೇಲೆ ಕಡಿಯಬಹುದೆಂಬ ಸರಕಾರದ ಮುದ್ರೆ ಇದ್ದರೂ ಇಲ್ಲ, ಮರದ ಗುತ್ತಿಗೆ ಹಿಡಿದ ಪುತ್ತೂರಿನ ಸಾಹುಕಾರರು ಎಷ್ಟು ಬೈದರೂ ಇಲ್ಲ. ನಿನ್ನೆ ಹಾಗೆ ಒರಗಿಸಿ ಬಂದ ಕುಕ್ಕಪ್ಪ ಗಂಜಿ ಉಂಡು, ಎದೆ ಉರಿಯುತ್ತದೆ ಎಂದು ಮಲಗಿದ್ದ. ಬೆಳಗಾಗುವಾಗ ಮೈ ತಣ್ಣಗಾಗಿತ್ತು.

“ಯಾವ ಮರಕ್ಕೆ ಒರಗಿಸಿದ್ದು?” ಕೇಳಿದವನು ಪ್ರೇಮನಾಥ, ಸಾಹುಕಾರರ ಲೆಕ್ಕ ಬರೆಯುವ ರೈಟರು.

“ಹೊಳೆಯಾಚೆಯ ಧೂಪದ ಮರಕ್ಕೆ.”

ಪ್ರೇಮನಾಥನ ಮುಖದಲ್ಲಿ ದುಃಖದ ಜೊತೆಗೆ ಇನ್ನೇನೋ ಬಂದು ಸೇರಿತು. “ಹೇಗೂ ಸುಟ್ಟಾದ ಮೇಲೆ ಸ್ನಾನಕ್ಕೆ ಹೊಳೆಗೇ ಹೋಗುದಲ್ಲ? ಆಗ ಎಲ್ಲರೂ ಒಟ್ಟಿಗೆ ನೋಡುವ. ನಿಂತಿದ್ದರೆ ನಾಡಿದ್ದೇ ಕಡಿಯುದು. ಆ ಮರ ಬಿದ್ದರೆ ಹಿಂದಿನ ಕಾಡಿಗೆ ಲಾರಿಯ ದಾರಿ ಆಗ್ತದೆ. ಪ್ಲೈವುಡ್ಡಿನವರು ಅದಕ್ಕೇ ಕಾಯ್ತಾ ಇದ್ದಾರೆ.”

“ಹೆಣದ ಮುಂದೆ ಮರದ ಮಾತಾ ಮಾರಾಯ್ರೆ?” ಎಂದ ತಂಡದ ದೇರಣ್ಣ.

“ಕುಕ್ಕಪ್ಪಣ್ಣ ಬೇರೆ ಎಂತ ಮಾತಾಡಿದ್ದುಂಟು?” ಎಂದ ಮೂಸಕುಂಞಿ. ಮರದ ಲಾರಿಯ ಡ್ರೈವರ್ ಅವನು. “ಪುತ್ತೂರಿಗೆ ಹೋಗುವಾಗ ಹಿಂದಿನ ಲೋಡಿಗೆ ಕೈ ತಟ್ಟಿ ‘ಹೆದರ್ಬೇಡ, ಇನ್ನು ಸ್ವಲ್ಪ ದೂರ’ ಅಂತ ಹೇಳುದು. ಪಕ್ಕದಲ್ಲಿ ಕೂತ ನಾನು ಹೆದರಿ ಸಾಯ್ತಿದ್ದೆ.”

ಎಲ್ಲರೂ ನಕ್ಕರು. ನಕ್ಕದ್ದಕ್ಕೆ ನಾಚಿ ಹೆಣದ ಕಡೆ ನೋಡಿದರು. ದೇರಣ್ಣ ತನ್ನ ಕೊಡಲಿ ತರಲು ಮನೆಗೆ ಹೋದ.

ನೀಲಾವತಿ ಹೊಳೆಯ ದಿಕ್ಕಿಗೆ ನೋಡಿದಳು. ಸೂತಕದ ಹೆಂಗಸು ಬೊಜ್ಜದ ಉತ್ತರಕ್ರಿಯೆ ಮುಗಿಯುವ ತನಕ ಅಂಗಳ ದಾಟುವಂತಿಲ್ಲ.

*

ಏಳು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತೈದರ ಬೇಸಿಗೆಯಲ್ಲಿ, ಕುಕ್ಕಪ್ಪ ಮುಂಡಾಸಿನಲ್ಲಿ ಏನನ್ನೋ ಸುತ್ತಿಕೊಂಡು ಮನೆಗೆ ಬಂದ. ಬಿಚ್ಚಿದರೆ ಮಂಗಟ್ಟೆ ಹಕ್ಕಿ. ಅಷ್ಟು ದೊಡ್ಡ ಕೊಕ್ಕು, ಆದರೆ ರೆಕ್ಕೆಯಲ್ಲಿ ಗರಿ ಇಲ್ಲ.

“ಪೊಟರೆಯೊಳಗೆ ಮೊಟ್ಟೆಗೆ ಕೂತಿತ್ತು ನೀಲಾ. ಬಾಗಿಲಿಗೆ ಮಣ್ಣು ಮೆತ್ತಿಕೊಂಡು, ಗರಿ ಉದುರಿಸಿಕೊಂಡು. ಗಂಡು ಹಣ್ಣು ತಂದು ಕೊಡ್ತಿತ್ತು. ಮರ ಕಡಿಯುವಾಗ ನಾನು ಮೇಲೆ ನೋಡ್ಲೇ ಇಲ್ಲ.”

ಅವನು ಗೋಳಿಹಣ್ಣು ತಂದು ಒಂದೊಂದಾಗಿ ಅದರ ಕೊಕ್ಕಿನೊಳಗಿಟ್ಟ. ಹಕ್ಕಿ ಬದುಕಲಿಲ್ಲ. ಆಮೇಲೆ ಅವನೂ ಉಣ್ಣಲಿಲ್ಲ. ಬಟ್ಟಲಿನ ಮುಂದೆ ಕೂರುವುದು, ಎದ್ದು ಹೋಗುವುದು. ಕೆನ್ನೆಯ ಎಲುಬು ಕಾಣತೊಡಗಿತು. ಆದರೂ ಕೆಲಸ ಬಿಡುವಂತಿರಲಿಲ್ಲ. ಮುಂದಿನ ಮರಕ್ಕೆ ಕೊಡಲಿ ಒರಗಿಸಿ ಬಂದ.

ಮರುದಿನ ಮುಂಜಾನೆ ಸೊಪ್ಪಿಗೆ ಹೋದ ನೀಲಾವತಿ ಆ ಮರದಡಿ ನಿಂತು ಮೇಲೆ ನೋಡಿದಳು. ಎತ್ತರದಲ್ಲಿ ಮಣ್ಣು ಮೆತ್ತಿದ ಪೊಟರೆ. ಸೀಳಿನಲ್ಲಿ ಕೊಕ್ಕಿನ ತುದಿ. ಬುಡದಲ್ಲಿ ಗಂಡನ ಕೊಡಲಿ. ಅವಳು ಅದನ್ನು ಕಾಲಿನಿಂದ ನೂಕಿದಳು. ಗಂಡನ ಅನ್ನದ ಕೊಡಲಿಯನ್ನು ಕಾಲಲ್ಲಿ ಮುಟ್ಟಿದೆನಲ್ಲ ಎಂದು, ಬಿದ್ದ ಕೊಡಲಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆ ದಿನ ಕುಕ್ಕಪ್ಪ ಓಡುತ್ತಲೇ ಬಂದ. “ನೀಲಾ, ಮರ ಬೇಡ ಅಂತು!” ಎಂದವನೇ ಎರಡು ಬಟ್ಟಲು ಗಂಜಿ ಉಂಡ.

ಮತ್ತೆ ಅವಳು ನಿಲ್ಲಿಸಲಿಲ್ಲ. ಎಲ್ಲ ಮರಗಳೂ ಬೇಡ ಅಂದರೆ ಒಲೆಯ ಮೇಲೆ ಎಂತ ಇಡುವುದು? ಅದಕ್ಕೆ ಅವಳು ಆರಿಸುತ್ತಿದ್ದಳು. ಗೂಡಿರುವ ಮರ, ಹೊಳೆಯ ದಂಡೆ ಹಿಡಿದು ನಿಂತ ಮರ. ಉಳಿದವುಗಳ ಕೊಡಲಿಯನ್ನು ಹಾಗೆಯೇ ಬಿಟ್ಟು, ನೋಡದವಳಂತೆ ಸೊಪ್ಪು ಹೊತ್ತು ಬರುತ್ತಿದ್ದಳು. ಅವನು ಅದೆಲ್ಲ ಮರಗಳ ಮನಸ್ಸೆಂದು ನಂಬಿದ. ಬೆಳ್ಳಾರೆಯ ಸಂತೆಯಲ್ಲಿ ಕೂತು ಊರಿಗೆಲ್ಲ ನಂಬಿಸಿದ.

*

“ನೀಲಾವತಿಯಕ್ಕ, ಬೆಳ್ಳಾರೆಯಿಂದ ನಿಮ್ಮ ತಂಗಿ ದುಗ್ಗಮ್ಮನನ್ನು ಕರ್ಕೊಂಡು ಬರ್ತೇನೆ,” ಮೂಸಕುಂಞಿ ಜಗಲಿಯ ಕೆಳಗೆ ನಿಂತು ಹೇಳಿದ. “ಬೇರೆ ಎಂತಾದ್ರೂ ಆಗ್ಬೇಕಾ?”

ಅವಳು ಅತ್ತಿತ್ತ ನೋಡಿದಳು. ಗಂಡಸರೆಲ್ಲ ಮಾವಿನ ಮರದ ಹತ್ತಿರ ಇದ್ದರು.

“ಆ ಕೊಡಲಿ ಬೀಳ್ಬೇಕು ಮೂಸಕುಂಞಿ.”

“ಅದನ್ನು ಮರ ಅಲ್ವಾ ಬೀಳಿಸುದು?”

“ನಾನು. ಇಷ್ಟು ವರ್ಷ.”

ಮೂಸಕುಂಞಿ ಒಂದು ಹೆಜ್ಜೆ ಹತ್ತಿರ ಬಂದ. “ಯಾ ಅಲ್ಲಾ! ಕುಕ್ಕಪ್ಪಣ್ಣನಿಗೆ?”

“ಗೊತ್ತಿಲ್ಲ.” ಅವಳು ಹೆಣದ ಕಡೆ ನೋಡಿ ದನಿ ಇನ್ನೂ ತಗ್ಗಿಸಿದಳು. “ಗೊತ್ತಾಗುದೂ ಬೇಡ. ಮೊನ್ನೆ ನೋಡಿದ್ದೇನೆ, ಆ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಉಂಟು. ಹಿಂದೆ ಅಷ್ಟು ಕಾಡು ಉಂಟು.”

“ಆ ಕಾಡು ನನಗೆ ಲೋಡು ಅಕ್ಕ. ಮನೆಯಲ್ಲಿ ಝೈನಬ, ಮಕ್ಕಳು...”

“ಗೊತ್ತುಂಟು. ಅದಕ್ಕೇ ಹೋಗು ಅಂತ ಹೇಳ್ಲಿಲ್ಲ. ಕೇಳಿದ್ದು.”

ಅಷ್ಟರಲ್ಲಿ ನೆರೆಮನೆಯ ಹೆಂಗಸರು ಅಳುತ್ತ ಒಳಗೆ ಬಂದರು. ಮೂಸಕುಂಞಿ ಲಾರಿಯ ಕಡೆ ಹೋದ.

ದುಗ್ಗಮ್ಮನನ್ನು ಕರೆತಂದಾಗಲೂ ಅವನು ನೀಲಾವತಿಯ ಮುಖ ನೋಡಲಿಲ್ಲ. ಲಾರಿಗೆ ಒರಗಿ ಬೀಡಿ ಸೇದುತ್ತಿದ್ದ. ಅವನ ಲುಂಗಿ ಒಣಗಿಯೇ ಇತ್ತು. ಹೊಳೆ ದಾಟದೆ ಆ ಮರಕ್ಕೆ ದಾರಿಯಿಲ್ಲ. ತಂಗಿ ತಬ್ಬಿಕೊಂಡು ಅಳುವಾಗಲೂ ನೀಲಾವತಿಯ ಕಣ್ಣು ಆ ಲುಂಗಿಯ ಮೇಲೆಯೇ ಇತ್ತು. ಕೇಳಬಾರದಿತ್ತು ಅನಿಸಿತು.

ಸ್ನಾನ ಮಾಡಿಸಿದರು. ಹೊಸ ಬಟ್ಟೆ ಹೊದೆಸಿದರು. ಚಟ್ಟ ಎತ್ತುವ ಹೊತ್ತಿಗೆ ದೇರಣ್ಣ ಕೂಗಿದ: “ಆ ಬ್ಯಾರಿ ಎಲ್ಲಿ ಹೋದ? ಕುಕ್ಕಪ್ಪಣ್ಣ ಕುಕ್ಕಪ್ಪಣ್ಣ ಅಂತ ಹಿಂದೆ ಮುಂದೆ ಸುತ್ತಿದವ, ಹೊರುವಾಗ ಕಾಣೆ!”

“ಹೀಗೇ ಇವನು. ಲೋಡು ಮಾಡುವಾಗ್ಲೂ ಮೂತ್ರಕ್ಕೆ ಹೋಗುದು,” ಎಂದ ಇನ್ನೊಬ್ಬ.

ನೀಲಾವತಿ ಅಂಗಳದಾಚೆ ನೋಡಿದಳು. ಲಾರಿ ಇತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗ ಅವಳು ಆ ದಿನ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು.

*

ಚಿತೆ ಹೊತ್ತಿ ಬೆಂಕಿ ನಿಂತ ಮೇಲೆ ಎಲ್ಲರೂ ಹೊಳೆಗೆ ಇಳಿದು ಬಂದರು. ತಡವಾಗಿ ಬಂದು ಸೇರಿಕೊಂಡಿದ್ದ ಮೂಸಕುಂಞಿ ಎಲ್ಲರ ಹಿಂದಿದ್ದ. ಆಚೆ ದಂಡೆಯಲ್ಲಿ ಧೂಪದ ಮರ. ಬುಡ ಖಾಲಿ.

“ಕೊಡಲಿಯೇ ಇಲ್ಲ!” ಎಂದ ಪ್ರೇಮನಾಥ.

ದೇರಣ್ಣ ಬೆರಳು ತೋರಿಸಿದ. ಹೊಳೆಯ ನಟ್ಟನಡುವೆ, ತಿಳಿನೀರಿನಡಿಯಲ್ಲಿ, ಕಬ್ಬಿಣ ಹೊಳೆಯುತ್ತಿತ್ತು. ಮರದ ಬುಡದಿಂದ ಅಲ್ಲಿಗೆ ಹತ್ತು ಮಾರು ಆದರೂ ಇದ್ದೀತು.

“ಬೀಳಿಸಿದ್ದಲ್ಲ ಇದು,” ದೇರಣ್ಣ ಮುಂಡಾಸು ತೆಗೆದ. “ಬಿಸಾಡಿದ್ದು.”

ಒಬ್ಬೊಬ್ಬರಾಗಿ ಎಲ್ಲರೂ ಮುಂಡಾಸು ತೆಗೆದರು.

“ಮರ ಎಲ್ಲಿಯಾದ್ರೂ ಬಿಸಾಡ್ತದಾ ಮಾರಾಯ್ರೆ? ಇಷ್ಟು ದೂರ?” ಕೇಳಿದ ಪ್ರೇಮನಾಥ.

“ಕುಕ್ಕಪ್ಪ ಹೋದ ಸಿಟ್ಟು ಅದಕ್ಕೆ.”

“ಸಾಹುಕಾರರಿಗೆ ನಾನು ಎಂತ ಹೇಳುದು?”

“ಕಂಡದ್ದನ್ನು ಹೇಳಿ. ನಾವಂತೂ ಮುಟ್ಟುದಿಲ್ಲ. ಇದನ್ನೂ ಇಲ್ಲ, ಇದರ ಹಿಂದಿನ ಕಾಡನ್ನೂ ಇಲ್ಲ.”

ಪ್ರೇಮನಾಥನ ಕಣ್ಣು ದಂಡೆಯ ಮರಳಿನಲ್ಲಿ ಹುಡುಕತೊಡಗಿತು. ಮರಳಿನಿಂದ ಕಾಲುಗಳಿಗೆ, ಒಬ್ಬೊಬ್ಬರ ಕಾಲಿಗೆ. ತೀರ್ಥರಾಮನ ಕಣ್ಣು ಅದಕ್ಕಿಂತ ಮುಂದೆ ಓಡಿತು. ಇನ್ನೂ ಯಾರೂ ನೀರಿಗೆ ಇಳಿದಿರಲಿಲ್ಲ. ಮೂಸಕುಂಞಿಯ ಲುಂಗಿ ತೊಡೆಯವರೆಗೆ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು.

ದೊಡ್ಡಪ್ಪನ ನಂತರ ತಂಡಕ್ಕೆ ತಾನೇ ಹಿರಿಯ ಎಂದು ತೀರ್ಥರಾಮನಿಗೆ ಗೊತ್ತಿತ್ತು. ಆ ಕಾಡಿನಲ್ಲಿ ಎಷ್ಟು ಕೆಲಸ ಇದೆ ಎಂದೂ ಗೊತ್ತಿತ್ತು. ಅವನು ಒದ್ದೆ ಲುಂಗಿಯನ್ನು ನೋಡಿದ, ನೀರಿನಡಿಯ ಕೊಡಲಿಯನ್ನು ನೋಡಿದ. ಆಮೇಲೆ ಹೋಗಿ ಮೂಸಕುಂಞಿಯ ರಟ್ಟೆ ಹಿಡಿದ.

“ಬಾ ಬ್ಯಾರಿ. ಸುಟ್ಟಲ್ಲಿಂದ ಬಂದವ ಮುಳುಗದೆ ಮನೆಗೆ ಹೋಗ್ಲಿಕ್ಕಿಲ್ಲ.”

“ನನಗೆಂತ ಸೂತಕ ಮಾರಾಯ?”

“ಇವತ್ತು ನಿನಗೇ ಜಾಸ್ತಿ.” ಎಳೆದುಕೊಂಡು ಹೋಗಿ ಇಬ್ಬರೂ ದಡಕ್ಕನೆ ನೀರಿಗೆ ಬಿದ್ದರು. ತಲೆ ಮೇಲೆತ್ತಿದಾಗ ತೀರ್ಥರಾಮ ಅವನ ಕಿವಿಯ ಹತ್ತಿರ ಹೇಳಿದ: “ಅಷ್ಟು ದೂರ ಬಿಸಾಡುದಾ?”

“ಅಕ್ಕ ಬೀಳ್ಬೇಕು ಅಂತ ಹೇಳಿದ್ದು. ಎಷ್ಟು ದೂರ ಅಂತ ಹೇಳ್ಲಿಲ್ಲ.”

ತೀರ್ಥರಾಮ ನಗು ತಡೆಯಲಾರದೆ ಮತ್ತೆ ಮುಳುಗಿದ. ಅದನ್ನು ಅಳು ಎಂದು ತಿಳಿದು ದೇರಣ್ಣ ಹಿಂದೆಯೇ ಇಳಿದ, ಅವನ ಬೆನ್ನ ಮೇಲೆ ಕೈಯಿಟ್ಟ. ಉಳಿದವರೂ ಇಳಿದರು. ನೀರೆಲ್ಲ ಕದಡಿ ಕೆಂಪಾಯಿತು. ಕೊಡಲಿ ಎಲ್ಲಿತ್ತು ಎಂದು ಈಗ ಯಾರಿಗೂ ಕಾಣುತ್ತಿರಲಿಲ್ಲ.

ದಂಡೆಯಲ್ಲಿ ಪ್ರೇಮನಾಥ ಒಬ್ಬನೇ ಉಳಿದ. ಬಹಳ ಹೊತ್ತು ಮರ ನೋಡಿದ. ಅವನೂ ಸುಟ್ಟಲ್ಲಿಂದ ಬಂದವನೇ. ಬೂಟು ಕಳಚಿದ, ಅಂಗಿ ಕಳಚಿದ. ಕೊನೆಗೆ ಕೈಗಡಿಯಾರ ಬಿಚ್ಚಿ, ಯಾರಾದರೂ ಹಿಡಿದುಕೊಳ್ಳಲಿ ಎಂದು ಮುಂದೆ ಚಾಚಿದ. ನೀರಿನಿಂದ ನಾಲ್ಕಾರು ಕೈಗಳು ಮೇಲೆ ಬಂದವು. ಒದ್ದೆಯಾಗದ ಕೈ ಒಂದೂ ಇರಲಿಲ್ಲ.