ಸೆನ್ಸಿಯ ಬಟ್ಟಲು

ಪ್ರೊಫೆಸರ್ ಮಾರ್ಗ್ರೈಟರ್ ಒಂದು ಕೈಯಲ್ಲಿ ಶವಪೆಟ್ಟಿಗೆಗೆ ತೀರ್ಥ ಚಿಮುಕಿಸುತ್ತ ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದರು. ಇನ್ಸ್‌ಬ್ರುಕ್‌ನ ಆ ಸ್ಮಶಾನದಲ್ಲಿ ಎಲ್ಲರಿಗೂ ಅದು ಕಾಣುತ್ತಿತ್ತು, ನಾಚಿಕೆ ಮಾತ್ರ ಅವರ ಹತ್ತಿರ ಸುಳಿಯಲಿಲ್ಲ. ಪೆಟ್ಟಿಗೆಯೊಳಗಿದ್ದ ಸೆನ್ಸಿ ಅವರ ಲ್ಯಾಬಿನಲ್ಲೇ ಜೀವ ತೇದವಳು.

"ಪ್ರಯೋಗದ ಸಿಗ್ನಲ್ ಗಟ್ಟಿಯಾಗಿ ಬಂದಿದೆ ಕಣಯ್ಯಾ," ಎಂದು ಪಕ್ಕದಲ್ಲಿದ್ದ ಸಹಾಯಕ ವಿನ್ಸೆನ್ಸ್‌ನ ಕಿವಿಯಲ್ಲಿ ಉಸುರಿದರು. "ನಾಳೆ ಪ್ರಬಂಧ ಕಳಿಸ್ಬಿಡೋಣ. ಬರೆದೋರಲ್ಲಿ ಮೊದಲ ಹೆಸರು ನಿಂದು."

"ಮಾಡಿದ್ದೆಲ್ಲ ಸೆನ್ಸಿ. ಮೊದಲು ಅವಳ ಹೆಸರು ಅಂತ ನೀವೇ ಮಾತು ಕೊಟ್ಟಿದ್ರಿ."

"ಸತ್ತೋಳಿಗೆ ಕೆಲಸ ಬೇಕಾ? ನಡುವೆ ಎಲ್ಲಾದ್ರೂ ಹಾಕಿ, ತೀರಿಹೋದ್ಲು ಅಂತ ಪಕ್ಕಕ್ಕೊಂದು ಶಿಲುಬೆ ಗುರುತು ಇಟ್ರಾಯ್ತು. ನಿನ್ನ ನೌಕರಿ ಈ ಬೇಸಿಗೆಗೆ ಮುಗಿಯುತ್ತೆ, ನೆನಪಿದೆ ತಾನೆ?"

ವಿನ್ಸೆನ್ಸ್ ತೀರ್ಥ ಚಿಮುಕಿಸಲು ಮುಂದೆ ಹೋದ. ಹಿಂದೆ ನಿಂತಿದ್ದ ಸೆನ್ಸಿಯ ಅಕ್ಕ ಬುರ್ಗಾಗೆ ಎಲ್ಲವೂ ಕೇಳಿಸಿತು.

*

"ಅಕ್ಕಾ, ಇಲ್ನೋಡು." ಸಾಯುವ ಕೆಲವು ತಿಂಗಳ ಮುಂಚೆ ಊಟಕ್ಕೆ ಕೂತಾಗ ಸೆನ್ಸಿ ಸಾರಿನ ಬಟ್ಟಲಲ್ಲಿದ್ದ ಎರಡು ಬ್ರೆಡ್ಡಿನ ಉಂಡೆಗಳ ಜಾಗವನ್ನು ಚಮಚದಿಂದ ಬದಲಿಸಿದ್ದಳು. "ಏನಾದ್ರೂ ವ್ಯತ್ಯಾಸ ಗೊತ್ತಾಗುತ್ತಾ?"

"ಉಂಡೆ ಉಂಡೇನೇ. ತಿನ್ನು, ಆರೋಗುತ್ತೆ."

"ನಾವು ಪರಮಾಣುಗಳನ್ನ ಲೇಸರಲ್ಲಿ ಹಿಡಿದು, ಕೊರೆಯೋ ಹಾಗೆ ತಣ್ಣಗೆ ಮಾಡಿ, ಒಂದೇ ಸಾಲಲ್ಲಿ ನಿಲ್ಲಿಸ್ತೀವಿ. ಕಣಗಳಲ್ಲಿ ಎರಡೇ ಜಾತಿ ಅಂತಾರೆ. ಇವು ಎರಡಕ್ಕೂ ಸೇರದ ಹಾಗೆ ಆಡ್ತವೆ ಕಣೇ. ಜಾಗ ಬದಲಾಯಿಸಿಕೊಂಡ್ರೆ ಅದರ ಗುರುತು ಉಳಿದೇ ಬಿಡುತ್ತೆ. ನಮ್ಮ ಲ್ಯಾಬಲ್ಲಿ ಅದನ್ನ ಮೊದಲು ನೋಡೋಳು ನಾನೇ."

"ಮೊದಲು ಆ ಕೆಮ್ಮಿಗೆ ಡಾಕ್ಟರ್ ಹತ್ರ ಹೋಗು."

"ಲೇಸರ್ ಒಂದು ಸರಿಹೋಗ್ಲಿ, ಆಮೇಲೆ."

*

ಸಾವಿನೂಟದ ದಿನ ಸತ್ತವರಿಗೂ ಒಂದು ಬಟ್ಟಲು ಬಡಿಸಿ, ಚಮಚಕ್ಕೆ ಕಪ್ಪು ಪಟ್ಟಿ ಕಟ್ಟಿಡುವುದು ಬುರ್ಗಾಳ ಮನೆತನದ ರೂಢಿ. ಮಣ್ಣು ಮಾಡಿ ಬಂದವರು ಊಟಕ್ಕೆ ಕೂತಾಗ ಸೆನ್ಸಿಯ ಬಟ್ಟಲೂ ಮೇಜಿನ ಮೇಲಿತ್ತು. ಪ್ರೊಫೆಸರ್ ಎದ್ದು, ಸೆನ್ಸಿ ತಮಗೆ ಮಗಳಿದ್ದ ಹಾಗೆ ಎಂದು ಕಣ್ಣೊರೆಸಿಕೊಂಡು, ಕೂತು ಇನ್ನಷ್ಟು ಹಂದಿಮಾಂಸ ಬಡಿಸಿಕೊಂಡರು. ಗಲ್ಲದ ಮೇಲೆ ಜಿಡ್ಡು ಹೊಳೆಯುತ್ತಿತ್ತು. ಇಂಥವರ ಎದುರು ಕೂತರೆ ಉಂಡದ್ದೆಲ್ಲ ಬಾಯಿಗೆ ಬರುತ್ತದೆ.

ಬುರ್ಗಾ ವಿನ್ಸೆನ್ಸ್‌ನ ಮುಂದೆ ಬಂದು ನಿಂತಳು. "ಮೊದಲ ಹೆಸರು ಯಾರದ್ದಪ್ಪಾ?"

ಅವನು ಪ್ರೊಫೆಸರರ ಕಡೆ ನೋಡಿದ. ಅವರು ಮೂಳೆ ಚೀಪುತ್ತಿದ್ದರು.

"ನಂದು. ಏನ್ಮಾಡ್ಲಿ ಅಕ್ಕಾ, ಹೊಟ್ಟೆಪಾಡು."

ಅವಳು ಅವನ ಬಿಸಿ ಬಟ್ಟಲನ್ನೆತ್ತಿ ತಂಗಿಯ ಜಾಗದಲ್ಲಿಟ್ಟಳು. ತಂಗಿಯದನ್ನು ಚಮಚದ ಸಮೇತ ತಂದು ಅವನ ಮುಂದಿಟ್ಟಳು.

"ಹೊಟ್ಟೆಪಾಡಲ್ವಾ? ಉಣ್ಣು."

ಆರಿದ ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ವಿನ್ಸೆನ್ಸ್ ಸುತ್ತಲೂ ನೋಡಿದ. ಆಮೇಲೆ ಚಮಚದ ಕಪ್ಪು ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಉಂಡೆಯನ್ನು ಮುರಿದ.