ಅವಸರಕ್ಕೆ ಬಿದ್ದ ಮುದಿ ನಕ್ಷತ್ರ

ಕನ್ನಡಕದಂಗಡಿಯ ಅಕ್ಕನಿಗೆ ಇದ್ದದ್ದು ಎರಡೇ ಹುಚ್ಚು. ಹಗಲೆಲ್ಲ ಗಾಜು ಉಜ್ಜುವುದು, ಕತ್ತಲಾಗುತ್ತಲೇ ತಾರಸಿ ಹತ್ತಿ ಒಂದು ಮುದಿ ನಕ್ಷತ್ರವನ್ನು ನೋಡುವುದು. ಒಡಲಿನ ಉರುವಲು ತೀರುತ್ತ ಬಂದಿದ್ದ ಆ ಕೆಂಪು ನಕ್ಷತ್ರ ಉಬ್ಬುತ್ತ ಕುಗ್ಗುತ್ತ, ಮುನ್ನೂರ ಮೂವತ್ತು ದಿನಕ್ಕೊಮ್ಮೆ ಥಳಥಳ ಹೊಳೆದು, ಮತ್ತೆ ದುರ್ಬೀನಿಗೂ ಸಿಗದಷ್ಟು ಮಂಕಾಗುತ್ತಿತ್ತು. ಅಕ್ಕಪಕ್ಕದ ಚುಕ್ಕಿಗಳೊಂದಿಗೆ ಹೋಲಿಸಿ ಅದರ ಹೊಳಪನ್ನು ಬರೆದಿಡಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು.

ಈಚೆಗೆ ಮೂರು ಸುತ್ತಿನಿಂದ ಏನೋ ಎಡವಟ್ಟು. ಮೊದಲು ನಾಲ್ಕು ದಿನ ಮುಂಚೆ, ಆಮೇಲೆ ಒಂಬತ್ತು, ಈಗ ಹತ್ತೊಂಬತ್ತು ದಿನ ಮುಂಚೆಯೇ ನಕ್ಷತ್ರ ಹೊಳೆದು ನಿಂತಿತ್ತು.

ಅದೇ ಅಂಗಡಿಯಲ್ಲಿ ಎಲ್ಲರ ಕಣ್ಣು ಪರೀಕ್ಷಿಸುವ ತಂಗಿಯ ಮುಂದೆ ಅಕ್ಕ ಹೋಗಿ ಕೂತಳು.

"ನನ್ನ ಕಣ್ಣು ಕೆಟ್ಟಿದೆ ಕಣೇ. ಸ್ವಲ್ಪ ನೋಡು."

ತಂಗಿ ಎರಡು ಸಲ ನೋಡಿದಳು. "ಕಣ್ಣು ಹದ್ದಿನ ಕಣ್ಣಿದ್ದ ಹಾಗಿದೆ. ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅದಕ್ಕೆ ನನ್ನ ಹತ್ರ ಕನ್ನಡಕ ಇಲ್ಲ ಅಕ್ಕ."

ಅಕ್ಕ ನಗಲಿಲ್ಲ. ಬರೆದದ್ದನ್ನೆಲ್ಲ ನಕಲು ಮಾಡಿ, ತಪ್ಪಿದ್ದರೆ ಕ್ಷಮಿಸಿ ಎಂದು ಕೊನೆಗೆ ಸೇರಿಸಿ, ವೀಕ್ಷಣಾಲಯಕ್ಕೆ ಕಳಿಸಿಬಿಟ್ಟಳು.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ತಂಗಿ ಕುರ್ಚಿ ತೋರಿಸಿ, "ದೂರದ್ದು ಕಾಣಲ್ವಾ, ಹತ್ತಿರದ್ದಾ?" ಎಂದಳು.

"ದೂರದ್ದೇ," ಎಂದು ಹುಡುಗಿ ನಕ್ಕಳು. "ನಾನು ವೀಕ್ಷಣಾಲಯದವಳು. ನಕ್ಷತ್ರದ ಪತ್ರ ಬರೆದವರು ಯಾರು?"

ಅಕ್ಕ ಅಳುಕುತ್ತ ಕೈಯೆತ್ತಿದಳು.

"ನಮ್ಮ ದೂರದರ್ಶಕ ಎರಡು ವರ್ಷ ರಿಪೇರಿಲಿತ್ತು ಅಮ್ಮ. ಆಗ ಅದನ್ನ ನೋಡಿದ್ದು ನೀವೊಬ್ರೇ. ನಿಮ್ಮ ಕಣ್ಣು ತಪ್ಪಿಲ್ಲ, ನಕ್ಷತ್ರವೇ ಅವಸರ ಮಾಡ್ತಿದೆ."

ಅದರ ಒಳಗೆ ಹೀಲಿಯಂ ಏಕಾಏಕಿ ಹೊತ್ತಿಕೊಂಡಿರಬೇಕು, ಅದಕ್ಕೇ ಮೈ ಕುಗ್ಗಿ ಏರಿಳಿತ ಚುರುಕಾಗಿದೆ ಎಂದಳು. ಇಂಥದ್ದು ನಡೆಯುತ್ತಿರುವಾಗಲೇ ಯಾರದಾದರೂ ಕಣ್ಣಿಗೆ ಬೀಳುವುದು ತೀರಾ ಅಪರೂಪವಂತೆ.

ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊಸ ಕನ್ನಡಕಕ್ಕಾಗಿ ಕಾಯುತ್ತ ಕೂತಿದ್ದ ಶಾಲೆಯ ಮೇಷ್ಟರೊಬ್ಬರಿಗೆ ಮಕ್ಕಳ ಗುಲಾಬಿ ಕನ್ನಡಕ ತೊಡಿಸಿ, "ಚೆನ್ನಾಗಿ ಒಪ್ಪುತ್ತೆ" ಎಂದಳು. ಮೇಷ್ಟರು ಅದನ್ನು ತೆಗೆಯದೆಯೇ, "ಆ ನಕ್ಷತ್ರ ನನಗೂ ತೋರಿಸ್ತೀರಾ?" ಎಂದರು.

ಕತ್ತಲಾಗುತ್ತಲೇ ನಾಲ್ವರೂ ತಾರಸಿಯಲ್ಲಿದ್ದರು. ಇಷ್ಟು ವರ್ಷ ಒಮ್ಮೆಯೂ ಮೇಲೆ ಹತ್ತದ ತಂಗಿ ದುರ್ಬೀನು ಕಸಿದುಕೊಂಡಳು.

"ಕುಣೀತಿದೆ ಅಕ್ಕ, ನಿಜವಾಗ್ಲೂ ಕುಣೀತಿದೆ."

"ಅದಕ್ಕೆ ಒಂದು ಸಲ ಉಬ್ಬಿ ಕುಗ್ಗೋಕೆ ಹತ್ತು ತಿಂಗಳು ಬೇಕು. ಕುಣೀತಿರೋದು ನಿನ್ನ ಕೈ."

ತಂಗಿ ದುರ್ಬೀನು ಬಿಡಲಿಲ್ಲ. ಸರದಿಗೆ ಕಾದು ಸಾಕಾದ ಮೇಷ್ಟರು ಬರಿಗಣ್ಣಲ್ಲೇ ಹುಡುಕತೊಡಗಿದರು, ಅದೂ ಪೂರಾ ಬೇರೆ ದಿಕ್ಕಿಗೆ ಮುಖ ಮಾಡಿ. ಅಕ್ಕ ನಗುತ್ತ ನಗುತ್ತ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟಳು.