ಹುಣಸೆ ಕೊರಡಿನ ಮೇಲಿನ ಆಕಾಶ

ನಾನು ಒಂದು ಕೊರಡು. ಹುಣಸೆ ಮರದ ಬುಡದಿಂದ ಕೊಯ್ದ, ಸೊಂಟದೆತ್ತರದ ದಪ್ಪ ತುಂಡು. ಮಾಂಸದಂಗಡಿಯಲ್ಲಿ ನಿಂತು ಮಚ್ಚಿನ ಏಟು ತಿನ್ನುವುದೇ ನನ್ನ ಕಸುಬಾಗಿತ್ತು. ಆಗ ನನ್ನ ಮಾತು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ, ಹೇಳುವ ಪುರುಸೊತ್ತು ನನಗೂ ಇರಲಿಲ್ಲ. ಈಗ ಬೇಕಾದಷ್ಟಿದೆ.

ಬೇವಿನಕುಂಟೆ ಎಂಬ ಊರಿನ ಪಕ್ಕದಲ್ಲಿ ವಿಮಾನದ ಬಯಲೊಂದಿದೆ. ಆ ಬಯಲು ಬರುವ ಮೊದಲೇ ನಾನು ಅಲ್ಲಿ ಮರವಾಗಿ ನಿಂತಿದ್ದೆ. ಹುಣಸೆ ಮರದಲ್ಲಿ ದೆವ್ವ ಇರುತ್ತದೆಂದು ಊರಿನವರು ಹೊತ್ತು ಮುಳುಗಿದ ಮೇಲೆ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಕಂಡ ಮಟ್ಟಿಗೆ ದೆವ್ವ ಇರಲಿಲ್ಲ. ನೆತ್ತಿಯಲ್ಲಿ ಹದ್ದಿನ ಗೂಡಿತ್ತು, ಅಷ್ಟೆ. ಒಂದು ದಿನ ಟೋಪಿ ಹಾಕಿಕೊಂಡ ಇಬ್ಬರು ಬಂದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ನನ್ನನ್ನು ಅಳೆದರು. "ಈ ಮರ ಎತ್ತರ ಆಯ್ತು. ವಿಮಾನಕ್ಕೆ ಅಡ್ಡ" ಎಂದರು. ಆಕಾಶದಲ್ಲೂ ಇಲ್ಲಿಂದ ಮೇಲೆ ಬರಕೂಡದು ಎಂಬ ಗೆರೆಗಳಿವೆ ಎಂದು ನನಗೆ ಗೊತ್ತಾದದ್ದು ಅಂದೇ.

ನನ್ನನ್ನು ಕಡಿದರು. ಗೂಡು ನೆಲಕ್ಕೆ ಬಿತ್ತು. ತಾಯಿಹದ್ದು ಮಾತ್ರ ಕೆಳಗೆ ಇಳಿಯಲಿಲ್ಲ. ನನ್ನ ನೆತ್ತಿ ಎಲ್ಲಿತ್ತೋ ಅದೇ ಎತ್ತರದಲ್ಲಿ, ಇಲ್ಲದ ಗೂಡಿನ ಸುತ್ತ, ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಗರಗಸದವರು ನನ್ನನ್ನು ತುಂಡು ಮಾಡಿ ಗಾಡಿಗೆ ಹೇರಿದರು. ಗಾಡಿ ಹೊರಟಿತು. ನೋಡಿದರೆ ಹದ್ದೂ ಮೇಲೆ ಜೊತೆಗೇ ಹೊರಟಿತ್ತು.

ನನ್ನನ್ನು ಕೊಂಡವನು ಖಂಡೋಜಿ. ಬೇವಿನಕುಂಟೆಯ ಬಸ್‌ಸ್ಟಾಪಿನ ಪಕ್ಕದಲ್ಲಿ ಅವನದು ಮಾಂಸದಂಗಡಿ, ಅಂಗಡಿಯ ಹಿಂದೆಯೇ ಮನೆ. ದೊಡ್ಡ ಮೀಸೆ, ಸಣ್ಣ ಧೈರ್ಯದ ಮನುಷ್ಯ. ಹೆಂಡತಿ ತುಳಜಮ್ಮನ ಮುಂದೆ ಆ ಮೀಸೆಯೂ ತಗ್ಗಿಯೇ ಇರುತ್ತಿತ್ತು. ಅವರಿಗೆ ಒಬ್ಬಳೇ ಮಗಳು, ಸಕ್ಕುಬಾಯಿ. ಎಲ್ಲರೂ ಕರೆಯುವುದು ಸಕ್ಕು ಎಂದು.

ಸಕ್ಕುವಿಗೆ ಇನ್ನೂ ನಡೆಯಲು ಬಾರದಿದ್ದಾಗ ಒಮ್ಮೆ ವಿಪರೀತ ಜ್ವರ ಬಂತು. ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈಕಾಲು ಸೆಟೆದವು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲೇ ತುಳಜಮ್ಮ ನನ್ನ ಮೇಲಿದ್ದ ಮೊದಲ ಚೂರು ಮಾಂಸವನ್ನು ಎತ್ತಿಕೊಂಡು, ಮಗುವಿನ ತಲೆಯ ಸುತ್ತ ನಿವಾಳಿಸಿ, ಬಾಗಿಲಾಚೆ ಎಸೆದಳು. ಅದು ನೆಲ ಮುಟ್ಟಲಿಲ್ಲ. ಎಲ್ಲಿತ್ತೋ ಏನೋ, ಒಂದು ಹದ್ದು ಗಾಳಿಯಲ್ಲೇ ಎತ್ತಿಕೊಂಡು ಹೋಯಿತು. ಸಂಜೆಗೆ ಜ್ವರ ಇಳಿಯಿತು. ಡಾಕ್ಟರು ಕೊಟ್ಟ ಇಂಜೆಕ್ಷನ್ನಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ದಿನಾ ಅಂಗಡಿ ತೆಗೆದ ಕೂಡಲೇ ಸಕ್ಕು ಬಂದು ನನ್ನ ಅಂಚಿಗೆ ಕೈಯೂರಿ ನಿಲ್ಲಬೇಕು. ಮೊದಲ ಚೂರನ್ನು ಅವಳ ತಲೆಗೆ ಸುತ್ತಿ ತಾಯಿ ಹೊರಗೆ ಎಸೆಯಬೇಕು. ಅದಕ್ಕೆ ಹದ್ದಿನ ಪಾಲು ಎಂದು ಹೆಸರು. ಮೊದಲು ಒಂದೇ ಹದ್ದು ಬರುತ್ತಿತ್ತು. ಸಕ್ಕು ಶಾಲೆಗೆ ಸೇರುವ ಹೊತ್ತಿಗೆ ಎದುರಿನ ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುವಷ್ಟಾದವು. ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ನನಗೆ ತಮಾಷೆ ಅನ್ನಿಸುತ್ತಿರಲಿಲ್ಲ. ಅವು ಮಾಂಸವನ್ನು ನೋಡುತ್ತಿರಲಿಲ್ಲ, ಹುಡುಗಿಯ ತಲೆಯನ್ನು ನೋಡುತ್ತಿದ್ದವು.

ಆ ವರ್ಷ ಬಯಲಿನಲ್ಲಿ ದೊಡ್ಡ ವಿಮಾನ ಪ್ರದರ್ಶನವೆಂದು ಗೊತ್ತಾಯಿತು. ಮೈಕು ಕಟ್ಟಿದ ಆಟೋ ಊರೂರು ಸುತ್ತಿತು. ಪ್ರದರ್ಶನ ಮುಗಿಯುವ ತನಕ ಯಾರೂ ಗಾಳಿಪಟ ಹಾರಿಸಬಾರದು, ಬಲೂನು ಬಿಡಬಾರದು, ಪಾರಿವಾಳ ಹಾರಿಸಬಾರದು, ಮಾಂಸದಂಗಡಿ ತೆರೆಯಬಾರದು. ಮಾಂಸವಿದ್ದರೆ ಹದ್ದು ಬರುತ್ತದೆ, ಹದ್ದು ಎಂಜಿನ್ನಿಗೆ ಸಿಕ್ಕಿದರೆ ವಿಮಾನ ಜನರ ಮೇಲೆ ಬೀಳುತ್ತದೆ. ಖಂಡೋಜಿಗೆ ಇದು ಸರಿಯೆನಿಸಿತು. ಅಂಗಡಿ ತೊಳೆದು, ನನ್ನ ಮೇಲೆ ಉಪ್ಪು ಉಜ್ಜಿ, ಬಾಗಿಲೆಳೆದ.

"ಪಾಲು?" ಎಂದಳು ತುಳಜಮ್ಮ.

"ನಾಕು ದಿನ ತಾನೆ ಕಣೇ. ಹದ್ದೇನು ಉಪಾಸ ಸಾಯ್ತದಾ?"

"ಹದ್ದಿಗಲ್ಲ ನಾನು ಯೋಚ್ನೆ ಮಾಡ್ತಿರೋದು."

ಕತ್ತಲೆಯ ಅಂಗಡಿಯಲ್ಲಿ ನಾನೊಬ್ಬನೇ ಉಳಿದೆ. ಮೊದಲ ಬೆಳಿಗ್ಗೆ, ಅಂಗಡಿ ತೆಗೆಯುವ ಹೊತ್ತಿಗೆ ಸರಿಯಾಗಿ, ತಗಡಿನ ಮಾಡಿನ ಮೇಲೆ ಉಗುರು ಗೀಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಕೂಗಲಿಲ್ಲ, ಕಿತ್ತಾಡಲಿಲ್ಲ, ಸುಮ್ಮನೆ ಕೂತವು. ತಗಡು ಅವುಗಳ ಭಾರಕ್ಕೆ ಕಿರುಗುಟ್ಟುತ್ತಿತ್ತು. ಮರುದಿನ ಬೆಳಿಗ್ಗೆ ಮಾಡಿನ ಸಂದಿನಿಂದ ಬರುತ್ತಿದ್ದ ಬೆಳಕೂ ನಿಂತುಹೋಯಿತು.

ಆವತ್ತೇ ಬಯಲಿನಿಂದ ಜೀಪೊಂದು ಬಂತು. ಇಳಿದವರು ರಂಗನಾಯಕಿ ಎಂಬ ಮೇಡಂ, ಕೊರಳಲ್ಲಿ ದುರ್ಬೀನು. ಹಕ್ಕಿಗಳು ವಿಮಾನದ ದಾರಿಗೆ ಬಾರದಂತೆ ಕಾಯುವುದು ಅವರ ಕೆಲಸ. ಖಂಡೋಜಿ ಬಾಗಿಲು ತೆಗೆದು ಖಾಲಿ ಅಂಗಡಿ ತೋರಿಸಿದ.

"ನೋಡಿ ಮೇಡಂ, ಒಂದ್ ಚೂರು ಮಾಂಸ ಇಲ್ಲ. ದೇವ್ರಾಣೆ ಇಲ್ಲ."

"ಮತ್ತೆ ಇಷ್ಟು ಹದ್ದು ನಿಮ್ಮ ಮನೆ ಮೇಲೇ ಯಾಕಿವೆ ಅಣ್ಣ? ಸುತ್ತಮುತ್ತ ಇಡೀ ಆಕಾಶ ಖಾಲಿ ಇದೆ. ಇಲ್ಲಿ ಮಾತ್ರ ಹೀಗೆ. ನಾಳೆ ವಿಮಾನಗಳು ತಗ್ಗಾಗಿ ಹಾರೋದು ಇದರ ಮೇಲೇನೇ."

ಜೀಪಿನಲ್ಲಿದ್ದವರು ಪಟಾಕಿ ಹಚ್ಚಿದರು. ಊರಿನ ನಾಯಿಗಳೆಲ್ಲ ಓಡಿದವು. ಒಂದು ಹದ್ದೂ ರೆಕ್ಕೆ ಬಿಚ್ಚಲಿಲ್ಲ.

ಅಷ್ಟರಲ್ಲಿ ಸಕ್ಕು ಕೊಡ ಹಿಡಿದು ಬೋರ್‌ವೆಲ್ಲಿನ ಕಡೆ ಹೊರಟಳು. ತೆರೆದ ಬಾಗಿಲಿನಿಂದ ನಾನು ಕಣ್ಣಾರೆ ಕಂಡೆ. ಮಾಡಿನ ಮೇಲಿದ್ದ ಹದ್ದುಗಳೆಲ್ಲ ಒಟ್ಟಿಗೆ ಎದ್ದವು. ಅವಳ ತಲೆಯ ನೇರಕ್ಕೆ ಒಂದು ಚಕ್ರ ಕಟ್ಟಿ ತಿರುಗತೊಡಗಿದವು. ಅವಳು ನಡೆದರೆ ಚಕ್ರ ನಡೆಯಿತು, ನಿಂತರೆ ನಿಂತಲ್ಲೇ ತಿರುಗಿತು. ಅವಳು ಗಾಬರಿಯಿಂದ ಮನೆಯತ್ತ ಓಡಿ ಬಂದಳು, ಚಕ್ರವೂ ಓಡಿ ಬಂತು. ಅದರ ನೆರಳು ಅವಳಿಗಿಂತ ಮೊದಲು ಹೊಸಿಲು ಮುಟ್ಟಿತು.

ತುಳಜಮ್ಮನ ಕೈ ಬಾಯಿಯ ಮೇಲಿತ್ತು. ಇಷ್ಟು ವರ್ಷ ತಾನು ಮಗಳ ತಲೆಗೆ ಸುತ್ತಿ ಸುತ್ತಿ ಹದ್ದುಗಳಿಗೆ ಏನನ್ನು ಕಲಿಸಿಕೊಟ್ಟೆ ಎಂಬುದು ಅವಳಿಗೆ ಆಗ ತಿಳಿಯಿತು.

"ಒಳಗೆ ಕೂಡಿಹಾಕ್ತೀನಿ ಮೇಡಂ, ಆಚೆ ಬಿಡಲ್ಲ" ಎಂದ ಖಂಡೋಜಿ.

"ಒಳಗಿದ್ರೆ ಅವೂ ಮಾಡಿನ ಮೇಲೇ ಇರ್ತವೆ. ವಿಮಾನದ ಸದ್ದಿಗೆ ಒಟ್ಟಿಗೆ ಎದ್ರೆ ಮುಗೀತು. ಮಗೂನ ಕರ್ಕೊಂಡು ಗೆರೆಯಾಚೆ ಹೋಗ್ಬಿಡಿ. ತೊರೆಗುಡ್ಡದ ಆ ಕಡೆ ಈ ನಿಯಮ ಇಲ್ಲ, ಅಂಗಡಿಗಳೂ ತೆಗೆದಿವೆ."

"ಹಸಿದಿರೋ ಹದ್ದಿನ ಕೆಳಗೆ ಮಗೀನ ಕರ್ಕೊಂಡ್ ಹೋಗದಾ?" ಎಂದು ತುಳಜಮ್ಮ ಚೀರಿದಳು. "ಇಲ್ಲೇ ಪಾಲು ಹಾಕ್ಬುಡಿ, ತಿಂದ್ಕೊಂಡು ಹೋಯ್ತವೆ!"

"ಇವತ್ತು ಹಾಕಿದ್ರೆ ನಾಳೆ ಬರಲ್ವಾ?" ಎಂದ ಖಂಡೋಜಿ. ಹೆಂಡತಿಗೆ ಅವನು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೀಸೆಗೂ ಆಶ್ಚರ್ಯವಾಗಿರಬೇಕು.

ಲಗೇಜ್ ಆಟೋ ತರಿಸಿದ. ಹೋಗುವಾಗ ನನ್ನನ್ನೂ ಉರುಳಿಸಿಕೊಂಡು ಬಂದು ಹಿಂದೆ ಹೇರಿದ. ಯಾಕೆಂದು ಅವನಿಗೇ ಗೊತ್ತಿತ್ತೋ ಇಲ್ಲವೋ. ಕಟುಕನಿಗೆ ದಿಕ್ಕು ತೋಚದಾಗ ಕೊರಡಿನ ಮೇಲೆ ಕೈಯೂರಿ ನಿಲ್ಲುವುದು ಅಭ್ಯಾಸ. ಸಕ್ಕುವನ್ನು ನನ್ನ ಮೇಲೆ ಕೂರಿಸಿ ಒಂದು ಗೋಣಿಚೀಲ ಹೊದಿಸಿ, ಅವಳ ಸೊಂಟ ಹಿಡಿದುಕೊಂಡು ತಾನೂ ಪಕ್ಕದಲ್ಲಿ ನಿಂತ. ತುಳಜಮ್ಮ ಹೊಸಿಲಲ್ಲೇ ಉಳಿದಳು. ಅವಳ ಹಿಮ್ಮಡಿ ನನ್ನ ಮೈಗೆ ತಾಗಿ ತಾಗಿ ನಡುಗುತ್ತಿತ್ತು.

ಅಂಥ ಪ್ರಯಾಣ ಶತ್ರುವಿಗೂ ಬೇಡ. ದಾರಿಯುದ್ದಕ್ಕೂ ಆಕಾಶ ತೊಳೆದಿಟ್ಟ ಹಾಗೆ ಬರಿದಾಗಿತ್ತು. ಕಾಗೆಯಿಲ್ಲ, ಗಾಳಿಪಟವಿಲ್ಲ. ಆ ಬರಿದಾದ ಆಕಾಶದಲ್ಲಿ ನಮ್ಮ ಮೇಲೆ ಮಾತ್ರ ಆ ಕರಿಯ ಚಕ್ರ. ಆಟೋ ತಿರುವಿನಲ್ಲಿ ತಿರುಗಿದರೆ ತಾನೂ ತಿರುಗುತ್ತಿತ್ತು. ಬಾಗಿಲಲ್ಲಿ ನಿಂತ ಜನ ನಮ್ಮನ್ನು ಕಂಡು ಮಕ್ಕಳನ್ನು ಒಳಗೆಳೆದುಕೊಂಡರು. ಆಟೋದವನು ಒಮ್ಮೆ ಮೇಲೆ ನೋಡಿದವನು ಮತ್ತೆ ನೋಡಲೇ ಇಲ್ಲ.

"ಅಪ್ಪಾ, ಅವು ನನ್ನ ತಿಂತಾವಾ?"

"ಇಲ್ಲ ಕಣವ್ವ. ಕಣ್ ಮುಚ್ಕೊ."

ತೊರೆಗುಡ್ಡದಾಚೆ ಒಂದು ಮಾಂಸದಂಗಡಿ ತೆರೆದಿತ್ತು. ಖಂಡೋಜಿ ಅಲ್ಲಿ ಮಾಂಸ ಕೊಂಡ. ಹುಟ್ಟಿದಾರಭ್ಯ ಮಾರಿದವನು, ಕೊಂಡದ್ದು ಅವತ್ತೇ. ಅಲ್ಲಿಂದ ಮುಂದೆ ಒಂದು ಬೀಳುಭೂಮಿಯಲ್ಲಿ ನನ್ನನ್ನು ಇಳಿಸಿದ. ಹದ್ದುಗಳು ಅದಾಗಲೇ ತಗ್ಗಿಗೆ ಬಂದಿದ್ದವು. ರೆಕ್ಕೆಯ ಗಾಳಿಗೆ ಸಕ್ಕುವಿನ ಜಡೆ ಅಲ್ಲಾಡುತ್ತಿತ್ತು. ಒಂದರ ಉಗುರು ಗೋಣಿಚೀಲವನ್ನು ಕಿತ್ತುಕೊಂಡು ಹೋಯಿತು.

ಮಾಂಸದ ಚೂರು ಹಿಡಿದ ಖಂಡೋಜಿಯ ಕೈ ಅಭ್ಯಾಸಬಲದಿಂದ ಮಗಳ ತಲೆಯ ಕಡೆಗೇ ಹೋಯಿತು. ಅರ್ಧದಲ್ಲಿ ನಿಂತಿತು. ಅವನು ನನ್ನನ್ನು ನೋಡಿದ. ಆಮೇಲೆ ಮಗಳನ್ನು ಎತ್ತಿ ಆಟೋದೊಳಗೆ ಕೂರಿಸಿ, ಹಿಂತಿರುಗಿ ಬಂದು, ಆ ಚೂರನ್ನು ನನ್ನ ಸುತ್ತ ನಿವಾಳಿಸಿದ. ಒಂದು ಸಲ, ಎರಡು ಸಲ, ಮೂರು ಸಲ. "ಇನ್ಮೇಲೆ ಇದ್ನ ನೋಡ್ಕೊಳ್ಳಿ. ನನ್ ಮಗಳನ್ನ ಬುಟ್ಬುಡಿ" ಎಂದು ಆಕಾಶಕ್ಕೆ ಕೈಮುಗಿದು, ಮಾಂಸವನ್ನೆಲ್ಲ ನನ್ನ ಮೇಲೇ ಸುರಿದ.

ಆಕಾಶ ನನ್ನ ಮೇಲೆ ಇಳಿಯಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಅವೆಲ್ಲ ಎದ್ದಾಗ ಆಟೋ ದೂರ ಹೋಗಿತ್ತು. ಅದರ ಮೇಲಿನ ಆಕಾಶದಲ್ಲಿ ಏನೂ ಇರಲಿಲ್ಲ. ಚಕ್ರ ನನ್ನ ನೇರಕ್ಕೆ, ಒಂದು ಮರದ ಎತ್ತರದಲ್ಲಿ ತಿರುಗುತ್ತಿತ್ತು. ಆ ಎತ್ತರ ನನಗೆ ಗೊತ್ತಿತ್ತು. ನನ್ನ ಹಳೆಯ ನೆತ್ತಿ ಅಲ್ಲಿಯೇ ಇದ್ದದ್ದು.

ಸಂಜೆ ನನ್ನ ಮೈ ಒಳಗಿನಿಂದ ಕಾಯತೊಡಗಿತು. ಬಿಸಿಲು ಇಳಿದ ಮೇಲೂ ಆರಲಿಲ್ಲ. ಬೆಳಗಾಗುವಷ್ಟರಲ್ಲಿ ನೆತ್ತಿಯಿಂದ ಬುಡದ ತನಕ ಬಿರುಕು ಬಿಟ್ಟಿತ್ತು. ಯಾವ ಮಚ್ಚಿನ ಏಟಿಗೂ ಬಿಡದ ಬಿರುಕು. ಯಾರ ಜ್ವರ ಅದು ಎಂದು ನಾನು ಯಾರನ್ನು ಕೇಳಲಿ?

ಪ್ರದರ್ಶನ ಚೆನ್ನಾಗಿ ನಡೆಯಿತಂತೆ. ಗುಡ್ಡದಾಚೆಯಿಂದ ಗುಡುಗು ಕೇಳುತ್ತಿತ್ತು. ಖಂಡೋಜಿ ನನ್ನನ್ನು ವಾಪಸ್ ಒಯ್ಯಲಿಲ್ಲ. ವಾರಕ್ಕೊಮ್ಮೆ ಸೈಕಲ್ ತುಳಿದುಕೊಂಡು ಬಂದು ಪಾಲು ಹಾಕಿ, ನನ್ನ ಬಿರುಕನ್ನು ಸವರಿ ಹೋಗುತ್ತಿದ್ದ. ಅವನ ಮೀಸೆ ಬೆಳ್ಳಗಾಯಿತು. ಒಂದು ವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಅವನಿಗಾಗಿ ನಾನು ಅತ್ತೆ ಎಂದರೆ ನೀವು ನಂಬಲಾರಿರಿ, ಆದರೂ ಹೇಳಿಬಿಡುತ್ತೇನೆ.

ಪಾಲು ನಿಂತು ಬಹಳ ಕಾಲವಾಯಿತು. ಅಂದಿನ ಹದ್ದುಗಳೆಲ್ಲ ಸತ್ತಿವೆ. ಈಗಿನವು ಅವುಗಳ ಮರಿಮಕ್ಕಳಿರಬೇಕು, ನನ್ನ ಮೇಲೆ ಒಂದು ಚೂರೂ ತಿಂದವಲ್ಲ. ಆದರೂ ಬೆಳಿಗ್ಗೆ ಅದೇ ಹೊತ್ತಿಗೆ ಬಂದು ಅದೇ ಎತ್ತರದಲ್ಲಿ ತಿರುಗುತ್ತವೆ. ಅವುಗಳಿಗೆ ಹೇಳಿಕೊಟ್ಟವರು ಯಾರು?

ಈ ಸಲವೂ ಪ್ರದರ್ಶನ ಬಂತು. ಮೈಕಿನವನು ಡ್ರೋನ್ ಕೂಡ ಹಾರಿಸಬಾರದೆಂದು ಸೇರಿಸಿಕೊಂಡಿದ್ದಾನೆ. ಬಯಲಿನ ಮೇಲಿನ ಆಕಾಶ ಬರಿದಾದ ದಿನ ಸಕ್ಕು ಇಲ್ಲಿಗೆ ಬಂದಳು. ಹಣೆಯ ಹತ್ತಿರ ನರೆ ಮೂಡಿದೆ, ಕೈ ಹಿಡಿದುಕೊಂಡು ಪುಟ್ಟ ಮಗಳು. ನನ್ನ ಬಿರುಕಿನೊಳಗೆ ಬೆರಳಿಟ್ಟು, "ಇನ್ನೂ ಇದ್ದೀಯಾ?" ಎಂದಳು. ಅವಳ ಕಣ್ಣು ತುಂಬಿತ್ತು. ಅಷ್ಟರಲ್ಲಿ ಮಗು ಕೈ ಬಿಡಿಸಿಕೊಂಡು ಹತ್ತಿ ನನ್ನ ಮೇಲೆ ಕೂತುಬಿಟ್ಟಿತು.

ಚಕ್ರ ಒಂದಿಷ್ಟು ಕೆಳಗಿಳಿಯಿತು.

ಸಕ್ಕು ಮೇಲೆ ನೋಡಿದಳು. ಮಗುವನ್ನು ಎತ್ತಿಕೊಂಡು ರಸ್ತೆಯ ಕಡೆ ನಡೆದಳು. ನಾನು ಮೈಯೆಲ್ಲ ಬಿಗಿಹಿಡಿದು ಕಾದೆ. ಚಕ್ರ ನನ್ನ ಮೇಲೇ ಉಳಿಯಿತು. ಒಂದೇ ಒಂದು ಎಳೆಯ ಹದ್ದು ಮಾತ್ರ, ತಿರುಗುತ್ತಲೇ ಕತ್ತು ಹೊರಳಿಸಿ, ಆ ಮಗುವಿನ ತಲೆ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿತ್ತು.

ನನ್ನ ಬುಡಕ್ಕೆ ಗೆದ್ದಲು ಹತ್ತಿದೆ. ಒಂದು ಪಕ್ಕ ಆಗಲೇ ಮಣ್ಣಾಗಿದೆ. ನಾನು ಪೂರ್ತಿ ಮಣ್ಣಾದ ಬೆಳಿಗ್ಗೆ ಅವು ಯಾರ ತಲೆಯನ್ನು ಹುಡುಕಿಕೊಂಡು ಹೊರಡುತ್ತವೋ ನನಗೆ ಗೊತ್ತು. ಅದಕ್ಕೇ ಗೆದ್ದಲುಗಳಲ್ಲಿ ದಿನವೂ ಬೇಡಿಕೊಳ್ಳುತ್ತೇನೆ, ಸ್ವಲ್ಪ ನಿಧಾನವಾಗಿ ತಿನ್ನಿ ಎಂದು.